ಗಿಳಿ ತೆಗೆದ ಮೂರು ಪಟ

"ಬಾಯಿಬಿಟ್ಟು ಹೇಳದವರ ಕಷ್ಟ ನಮಗೆ ತಿಳಿಯುವುದು ಹೇಗೆ?" ಎಂದು ಅಡಿವೆಪ್ಪ ಕೇಳಿದ.

ಕೇಳಿದ ರೀತಿಯಲ್ಲಿ ಪ್ರಶ್ನೆಗಿಂತ ದೂರೇ ಹೆಚ್ಚಾಗಿತ್ತು. ಎರಡು ವರ್ಷ ಅವನ ಜೊತೆ ಒಂದೇ ಕೋಣೆಯಲ್ಲಿದ್ದ ಶಿಷ್ಯನೊಬ್ಬ ಹಿಂದಿನ ವಾರ ಯಾರಿಗೂ ಹೇಳದೆ ಮಠ ಬಿಟ್ಟು ಹೋಗಿದ್ದ. ಹೋಗುವ ಮುಂಚೆ ಅವನು ಬಹಳ ಇಳಿದುಹೋಗಿದ್ದನೆಂದೂ ಪಂಕ್ತಿಯಲ್ಲಿ ಅರ್ಧ ರೊಟ್ಟಿ ಬಿಟ್ಟು ಏಳುತ್ತಿದ್ದನೆಂದೂ ಈಗ ಎಲ್ಲರೂ ನೆನಪು ಮಾಡಿಕೊಳ್ಳುತ್ತಿದ್ದರು. ಅಡಿವೆಪ್ಪನೂ ಅದನ್ನು ಕಂಡಿದ್ದ. ಆದರೆ ಅವನು ಅದನ್ನು ವ್ರತವೆಂದುಕೊಂಡಿದ್ದ. ವೈರಾಗ್ಯದಲ್ಲಿ ತನ್ನನ್ನು ಮೀರಿಸಲು ನೋಡುತ್ತಿದ್ದಾನೆಂದು ತಾನೂ ಅರ್ಧ ರೊಟ್ಟಿ ಬಿಡಲು ಶುರುಮಾಡಿದ್ದ.

"ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಜ್ಜಾರೇ. ಹೇಳಲಿಲ್ಲ. ತಪ್ಪು ನನ್ನದೇ?"

ಮಠದ ಅಜ್ಜನವರು ಹತ್ತಿ ಬಿಡಿಸಿ ಬತ್ತಿ ಹೊಸೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಕೂತುಕೋ" ಎಂದು ಈ ಕತೆ ಹೇಳಿದರು.

ಒಂದು ಊರಿನ ದನದ ಸಂತೆಯಲ್ಲಿ ಒಬ್ಬ ಗಿಳಿಶಾಸ್ತ್ರದವನಿದ್ದ. ಸಂತೆ ಇರಲಿ ಇಲ್ಲದಿರಲಿ, ದಿನಾ ಬೇವಿನ ಮರದ ಕೆಳಗೆ ಚಾಪೆ ಹಾಸಿ, ಒಂದು ಕಡೆ ಪಂಜರ, ಇನ್ನೊಂದು ಕಡೆ ಪಟಗಳ ಪೆಟ್ಟಿಗೆ ಇಟ್ಟುಕೊಂಡು ಕೂರುತ್ತಿದ್ದ. ಪೆಟ್ಟಿಗೆಯಲ್ಲಿ ಇಪ್ಪತ್ತೇಳು ಪಟಗಳು. ಒಂದೊಂದು ಪಟದಲ್ಲಿ ಒಂದೊಂದು ಚಿತ್ರ, ಚಿತ್ರಕ್ಕೆ ತಕ್ಕ ಫಲ. ಗಿರಾಕಿ ಬಂದು ಕೂತರೆ ಪಟಗಳನ್ನು ಕಲಸಿ ಚಾಪೆಯ ಮೇಲೆ ಸಾಲಾಗಿ ಬೋರಲು ಹಾಕುವನು. ಪಂಜರದ ಬಾಗಿಲು ಎತ್ತಿ, "ಬಾ ತಾಯಿ, ಧಣ್ಯಾರ ಹೆಸರಿಗೆ ಒಂದ ಪಟ ತಗೀ" ಎನ್ನುವನು. ಗಿಳಿ ಗತ್ತಿನಿಂದ ಹೊರಬಂದು, ಸಾಲಿನ ಉದ್ದಕ್ಕೂ ನಡೆದು, ಒಂದು ಪಟವನ್ನು ಕೊಕ್ಕಿನಲ್ಲಿ ಎತ್ತಿ ಅವನ ಕೈಗೆ ಕೊಡುವುದು. ಅದಕ್ಕೆ ಒಂದು ಭತ್ತದ ಕಾಳು ಕೂಲಿ. ಕಾಳು ಕಚ್ಚಿಕೊಂಡು ಅದು ತಾನಾಗಿಯೇ ಪಂಜರ ಸೇರಿಕೊಳ್ಳುವುದು. ಆಮೇಲಿನ ಕೆಲಸ ಅವನ ನಾಲಿಗೆಯದು.

ನಾಲಿಗೆ ಚೆನ್ನಾಗಿತ್ತು. ಆದರೆ ಅವನು ಸುಳ್ಳುಗಾರನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತನ್ನ ಶಾಸ್ತ್ರವನ್ನು ಗಿರಾಕಿಗಳಿಗಿಂತ ಹೆಚ್ಚಾಗಿ ಅವನೇ ನಂಬಿದ್ದ. ಗಿಳಿ ಸುಮ್ಮನೆ ಏನನ್ನೂ ಮಾಡುವುದಿಲ್ಲ ಎಂಬುದು ಅವನ ಲೆಕ್ಕ. ರೆಕ್ಕೆ ಬಡಿದರೆ ಒಂದು ಅರ್ಥ, ಬಡಿಯದಿದ್ದರೆ ಇನ್ನೊಂದು ಅರ್ಥ. ಹೆಂಡತಿ ಮಕ್ಕಳಿಲ್ಲದ ಆಸಾಮಿ, ಆ ಗಿಳಿಯ ಮೇಲೆ ಜೀವವನ್ನೇ ಇಟ್ಟುಕೊಂಡಿದ್ದ. ಇದನ್ನೂ ಮೊದಲೇ ಹೇಳಬೇಕು, ಇಲ್ಲವಾದರೆ ಮುಂದೆ ನೀನು ಅವನನ್ನು ಕಟುಕನೆಂದುಕೊಳ್ಳುತ್ತೀಯ. ಗಿಳಿಯೂ ಅಷ್ಟೇ, ಅವನನ್ನು ಬಿಟ್ಟಿರುತ್ತಿರಲಿಲ್ಲ. ಬೆಳಗಾದರೆ "ಬರ್ರಿ ಬರ್ರಿ", "ಚಲೋ ಆಗ್ತದ", "ಚಿಂತಿ ಬ್ಯಾಡ" ಎಂದು ಹತ್ತಾರು ಮಾತು ಆಡುತ್ತಿತ್ತು.

ಪಟಗಳು ಅವನ ತಾತ ಬರೆಸಿದ್ದವು. ಬರೆದವನು ತೀರಿಕೊಂಡು ಬಹಳ ಕಾಲವಾಗಿತ್ತು. ಒಂದು ಪಟ ಹಾಳಾದರೆ ಅಂಥದ್ದನ್ನು ಮತ್ತೆ ಬರೆಯುವವರಿರಲಿಲ್ಲ. ಗಿಳಿ ಮರಿಯಾಗಿದ್ದಾಗ ಒಂದೇ ವಾರದಲ್ಲಿ ಎರಡು ಪಟಗಳ ಅಂಚನ್ನು ಕಡಿದು ಜಾಲರಿ ಮಾಡಿತ್ತು. ಗಿಳಿ ಎಂದಮೇಲೆ ಕಡಿಯುತ್ತದೆ, ಆದರೆ ಈ ಕಸುಬಿನ ಗಿಳಿ ಕಡಿಯಬಾರದು. ಅದಕ್ಕೆ ಅವನು ಕಡಿಯುವ ಚಟವನ್ನೇ ಮರೆಸಲು ನಿಂತ. ಪಂಜರದಲ್ಲಿದ್ದ ಬೇವಿನ ಕಡ್ಡಿಯನ್ನು ತೆಗೆದು ನುಣುಪಾದ ಕಬ್ಬಿಣದ ಸರಳು ಹಾಕಿದ. ಗಟ್ಟಿಯಾದ ಪದಾರ್ಥ ಯಾವುದೂ ಅದರ ಬಾಯಿಗೆ ಸಿಗದಂತೆ ನೋಡಿಕೊಂಡ. ನೆನೆಸಿದ ಅಕ್ಕಿ, ಕಳಿತ ಬಾಳೆಹಣ್ಣು, ಬೆಲ್ಲ ಕಲಸಿದ ಅವಲಕ್ಕಿ. ಊರಿನ ಬಾಣಂತಿಯರಿಗೂ ಅಷ್ಟು ಉಪಚಾರ ನಡೆಯುತ್ತಿರಲಿಲ್ಲ. ಗಟ್ಟಿ ಅಂತ ಅದರ ಬಾಯಿಗೆ ಬೀಳುತ್ತಿದ್ದದ್ದು ಕೂಲಿಯ ಭತ್ತ ಮಾತ್ರ. ಗಿಳಿ ಕಡಿಯುವುದನ್ನು ಮರೆಯಿತು. ಆರು ವರ್ಷ ಒಂದು ಪಟಕ್ಕೂ ಗೀರು ಬೀಳಲಿಲ್ಲ. ಬೇರೆ ಊರಿನ ಗಿಳಿಶಾಸ್ತ್ರದವರು ಸಿಕ್ಕಾಗ ಅವನು ಪಟಗಳ ಅಂಚು ತೋರಿಸಿ ಮೀಸೆ ತಿರುವುತ್ತಿದ್ದ.

ಕೊಕ್ಕು ನಮ್ಮ ಉಗುರಿನ ಜಾತಿಯದು. ಇರುವಷ್ಟು ದಿನ ಬೆಳೆಯುತ್ತಲೇ ಇರುತ್ತದೆ. ಕಡಿದು ಉಜ್ಜಿ ಸವೆಸಿಕೊಳ್ಳಲು ಏನಾದರೂ ಬೇಕು. ಏನೂ ಇಲ್ಲದ್ದರಿಂದ ಆ ಗಿಳಿಯ ಮೇಲಿನ ಕೊಕ್ಕು ತನ್ನ ಪಾಡಿಗೆ ತಾನು ಬೆಳೆಯಿತು. ಬೆಳೆದದ್ದು ನೆಟ್ಟಗೆ ಇಳಿಯದೆ ಬಲಕ್ಕೆ ವಾಲಿತು. ಕೆಳಗಿನದು ಎಡಕ್ಕೆ ಸರಿಯಿತು. ಎರಡೂ ಒಂದರೊಳಗೊಂದು ಕೂರುವುದು ತಪ್ಪಿತು. ಒಂದು ದಿನದಲ್ಲಿ ಆದದ್ದಲ್ಲ. ದಿನಕ್ಕೆ ಎಳ್ಳಿನ ಮೊನೆಯಷ್ಟೂ ಇಲ್ಲ. ದಿನಾ ನೋಡುವ ಮುಖವಾದ್ದರಿಂದ ಅವನಿಗೆ ಅದು ನಿನ್ನೆಯ ಮುಖದಂತೆಯೇ ಕಂಡಿತು.

ಆದರೆ ಬೇರೆ ಕೆಲವು ಕಂಡವು.

ಮೊದಲನೆಯದು ಭತ್ತ. ಗಿಳಿ ಕಾಳನ್ನು ಇಸಿದುಕೊಳ್ಳುವುದು, ನಾಲಿಗೆಯ ಮೇಲೆ ಹೊರಳಿಸುವುದು, ಒಡೆಯಲಾರದೆ ಸರಳಿನ ಹಿಂದೆ ಬೀಳಿಸುವುದು. ಅವನು ನೋಡಲಿಲ್ಲವೆಂದಲ್ಲ. ನೋಡಿದ, ನೋಡಿ ಅರ್ಥ ಮಾಡಿದ. ಅವತ್ತು ಸೋಮವಾರ ಬೇರೆ. "ತಾಯಿ ಇವತ್ತ ಉಪವಾಸ ಅದಾಳ" ಎಂದು ಗಿರಾಕಿಗಳಿಗೆ ಹೇಳಿದ. ಒಬ್ಬ ಹೆಂಗಸು ಹೂವು ತಂದು ಪಂಜರಕ್ಕೆ ಮುಡಿಸಿ ಕೈಮುಗಿದಳು. ಮಂಗಳವಾರವೂ ಗಿಳಿ ಕಾಳು ಬಿಟ್ಟಿತು. ವ್ರತ ಮುಂದುವರಿಯಿತು ಎಂದ. ಆಮೇಲೆ ಅದು ಆಗಾಗ ತಲೆ ಓರೆ ಮಾಡಿ ಕಬ್ಬಿಣದ ಸರಳಿಗೆ ಕೊಕ್ಕನ್ನು ಕಿರ್ ಕಿರ್ ಎಂದು ಉಜ್ಜತೊಡಗಿತು. ಪಾಪ, ಸವೆಯುತ್ತದೇನೋ ಎಂದು ನೋಡುತ್ತಿತ್ತು. ನುಣುಪು ಕಬ್ಬಿಣದಲ್ಲಿ ಏನು ಸವೆದೀತು? ಎದುರಿಗೆ ಕೂತಿದ್ದ ಎಮ್ಮೆ ವ್ಯಾಪಾರಿಗೆ ಅವನು ಹೇಳಿದ: "ಕೇಳ್ರಿ ಧಣ್ಯಾರ, ನಿಮ್ಮ ವೈರಿ ಹಲ್ಲ ಕಡಿಯೋದನ್ನ ತೋರಸಾಕತ್ತಾಳ." ವ್ಯಾಪಾರಿಗೆ ವೈರಿಗಳಿಗೇನು ಕೊರತೆ? ತಲೆದೂಗಿ ಎದ್ದುಹೋದ.

ಇದೇ ಹೊತ್ತಿಗೆ ಒಂದು ಸಂತೆಯ ದಿನ, ಪಟಗಳನ್ನು ಪೆಟ್ಟಿಗೆಗೆ ಹಾಕಿ ಏಳುವ ಹೊತ್ತಿಗೆ, ಅಡ್ಡಮಳೆ ಹೊಡೆಯಿತು. ಪಂಜರವನ್ನು ಎದೆಗವಚಿಕೊಂಡು ಮರದ ಬೊಡ್ಡೆಗೆ ಒರಗಿ ನಿಂತವನು ಪೆಟ್ಟಿಗೆಯನ್ನು ನೆಲದ ಮೇಲೆಯೇ ಮರೆತ. ಪೆಟ್ಟಿಗೆಯ ತಳಕ್ಕೆ ನೀರು ಇಳಿಯಿತು. ಈ ಕಸುಬಿನಲ್ಲಿ ಒಂದು ಪದ್ಧತಿ ಉಂಟು. ಅಂಗಡಿ ಮುಚ್ಚುವಾಗ ಕೆಟ್ಟ ಫಲದ ಪಟಗಳನ್ನು ತಳಕ್ಕೆ ಹಾಕಿ, ಒಳ್ಳೆಯವನ್ನು ಮೇಲೆ ಇಡುತ್ತಾರೆ. ಮರುದಿನ ಪೆಟ್ಟಿಗೆ ತೆರೆದವನ ಕಣ್ಣಿಗೆ ಒಳ್ಳೆಯದೇ ಬೀಳಲಿ ಎಂದು. ಹಾಗಾಗಿ ನೆನೆದದ್ದು ತಳದ ಮೂರು ಪಟ: ಹೆಡೆಯೆತ್ತಿದ ಹಾವು, ಪಾಳುಬಾವಿ, ಮುಚ್ಚಿದ ಬಾಗಿಲು. ಅವನು ಅವನ್ನು ಬಿಸಿಲಿಗೆ ಹಾಕಿ ಒಣಗಿಸಿದ. ಬಣ್ಣಕ್ಕೇನೂ ಆಗಿರಲಿಲ್ಲ, ಹಪ್ಪಳದಂತೆ ಅಂಚು ಮಾತ್ರ ಸ್ವಲ್ಪ ಮೇಲೆದ್ದಿತ್ತು. ದೇವರು ದೊಡ್ಡವನು ಎಂದುಕೊಂಡು ಪೆಟ್ಟಿಗೆಗೆ ಸೇರಿಸಿದ.

ಮುಂದಿನ ಸಂತೆಯಲ್ಲಿ ಮೊದಲ ಗಿರಾಕಿ ಒಬ್ಬ ರೈತ. ಮಗಳ ಲಗ್ನ ಗೊತ್ತಾಗಿತ್ತು, ಮುಹೂರ್ತಕ್ಕೆ ಹದಿನೈದು ದಿನ ಉಳಿದಿತ್ತು. ಸುಮ್ಮನೆ ಒಂದು ಒಳ್ಳೆಯ ಮಾತು ಕೇಳಿಕೊಂಡು ಹೋಗೋಣವೆಂದು ಕೂತ. ಗಿಳಿ ಸಾಲಿನ ಉದ್ದಕ್ಕೂ ನಡೆಯಿತು, ಒಂದಕ್ಕೆ ಕೊಕ್ಕು ಹಾಕಿತು, ಬಿಟ್ಟಿತು, ಇನ್ನೊಂದಕ್ಕೆ ಹಾಕಿತು, ಬಿಟ್ಟಿತು. ಕೊನೆಗೆ ತೆಗೆದದ್ದು ಹಾವು. ಲಗ್ನಕ್ಕೆ ತಡೆ ಇದೆ, ತಡೆ ಕಳೆಯುವ ತನಕ ಮುಂದುವರಿಯಬೇಡಿ ಎಂದು ಗಿಳಿಶಾಸ್ತ್ರದವನು ಹೇಳಬೇಕಾಯಿತು. ರೈತನ ಮುಖ ಇಳಿಯಿತು. ಆಮೇಲೆ ಬಂದ ಕುಂಬಾರನಿಗೆ ಪಾಳುಬಾವಿ. ಅವನ ಹಿಂದೆ ಬಂದವನಿಗೆ ಮುಚ್ಚಿದ ಬಾಗಿಲು. ಮತ್ತೆ ಹಾವು. ಮತ್ತೆ ಹಾವು. ಅವನು ಪಟಗಳನ್ನು ನೂರು ಸಲ ಕಲಸಿದ, ಹಿಂದುಮುಂದು ಹಾಕಿದ, ಸಾಲು ಬದಲಿಸಿದ. ಗಿಳಿ ಮೊದಲಿನ ಹಾಗೆ ಒಂದೇ ಕುಕ್ಕಿಗೆ ಎತ್ತುತ್ತಿರಲಿಲ್ಲ, ಬಹಳ ಹೊತ್ತು ಹುಡುಕುತ್ತಿತ್ತು, ಹುಡುಕಿ ಹುಡುಕಿ ಆ ಮೂರರಲ್ಲಿ ಒಂದನ್ನೇ ತೆಗೆಯುತ್ತಿತ್ತು. ಆ ಹುಡುಕಾಟ ನೋಡಿ ಅವನ ಮೈ ಜುಮ್ಮೆಂದಿತು. ಗಿಳಿ ಇಷ್ಟು ಯೋಚನೆ ಮಾಡಿ ತೆಗೆಯುತ್ತಿದೆ ಎಂದಮೇಲೆ ಊರಿಗೇ ಏನೋ ಕಾದಿದೆ.

ಮಾತು ಹಬ್ಬಿತು. ರೈತ ಲಗ್ನ ಮುಂದೆ ಹಾಕಿದ. ಕುಂಬಾರ ಆವಿಗೆಗೆ ಬೆಂಕಿ ಹಚ್ಚಲಿಲ್ಲ. ಹೊಸ ಎತ್ತು ಕೊಳ್ಳಲು ಬಂದವರು ಬರಿಗೈಯಲ್ಲಿ ವಾಪಸ್ಸು ಹೋದರು. ಹೆದರಿದವರು ಮತ್ತೆ ಮತ್ತೆ ಕೇಳಲು ಬರುತ್ತಾರೆ, ಹಾಗಾಗಿ ಚಾಪೆಯ ಮುಂದೆ ಜನ ಹೆಚ್ಚಾದರು. ಗಿಳಿಶಾಸ್ತ್ರದವನಿಗೆ ಭಯದ ಜೊತೆಗೆ ಸ್ವಲ್ಪ ಹೆಮ್ಮೆಯೂ ಆಯಿತು. ಇಡೀ ಊರಿಗೆ ಕಾಣದ್ದನ್ನು ತನ್ನ ಗಿಳಿ ಕಾಣುತ್ತಿದೆ!

ಅದೇ ಬೇವಿನ ಮರದ ಆಚೆ ಬದಿಗೆ ಎತ್ತುಗಳಿಗೆ ಲಾಳ ಕಟ್ಟುವವನೊಬ್ಬ ಕೂರುತ್ತಿದ್ದ. ಎತ್ತನ್ನು ಹಗ್ಗದಿಂದ ಕೆಡವಿ, ಗೊರಸು ಹೆರೆದು ಸಮ ಮಾಡಿ ಲಾಳ ಹೊಡೆಯುವುದು ಅವನ ಕೆಲಸ. ಮಾತು ಕಡಿಮೆ. ದಿನವಿಡೀ ಕಾಲು ನೋಡುವವನಾದ್ದರಿಂದ ಮನುಷ್ಯರ ಮುಖ ಅವನಿಗೆ ಅಷ್ಟಾಗಿ ಗುರುತು ಸಿಗುತ್ತಿರಲಿಲ್ಲ ಎಂದು ಸಂತೆಯವರು ತಮಾಷೆ ಮಾಡುತ್ತಿದ್ದರು. ನಾಲ್ಕನೆಯ ಸಂತೆಯ ಮಧ್ಯಾಹ್ನ ಅವನು ಬುತ್ತಿ ಬಿಚ್ಚಿಕೊಂಡು ಈ ಕಡೆ ಬಂದು ಕೂತ. ಪಂಜರವನ್ನು ಸ್ವಲ್ಪ ಹೊತ್ತು ನೋಡಿದ.

"ನಿನ್ನ ಗಿಳಿ ಏನ ತಿಂತೈತಿ?"

"ಬಾಳಿಹಣ್ಣು, ಬೆಲ್ಲದ ಅವಲಕ್ಕಿ. ನಿನಗಿಂತ ಚಲೋ ತಿಂತಾಳ."

"ತಿಂತಾಳೋ, ನೀ ಇಡ್ತೀಯೋ?"

ಗಿಳಿಶಾಸ್ತ್ರದವನಿಗೆ ಸರ್ರನೆ ಸಿಟ್ಟು ಬಂತು. "ನೀ ಎತ್ತಿನ ಕಾಲ ನೋಡಪಾ. ಹಣೆಬರಾ ನೋಡಾಕ ನಾ ಅದೀನಿ" ಎಂದ. ಲಾಳದವನು ರೊಟ್ಟಿ ತಿಂದು ಮುಗಿಸಿ, ಕೈ ಒರೆಸಿಕೊಂಡು ಎದ್ದುಹೋದ. ಆ ಪ್ರಶ್ನೆ ಮಾತ್ರ ಅಲ್ಲಿಯೇ ಉಳಿಯಿತು. ಗಿಳಿಶಾಸ್ತ್ರದವನು ಅದನ್ನು ಎತ್ತಿಕೊಳ್ಳಲಿಲ್ಲ.

ಆರನೆಯ ಸಂತೆಯ ಹೊತ್ತಿಗೆ ಗಿಳಿ ಮಾತು ಬಿಟ್ಟಿತು. ಮೌನವ್ರತ ಎಂದ. ಏಳನೆಯ ಸಂತೆಗೆ ರೆಕ್ಕೆಪುಕ್ಕ ಉಬ್ಬಿಸಿಕೊಂಡು ಮುದುಡಿ ಕೂತಿತು. ಇದಕ್ಕೆ ಮಾತ್ರ ಅವನಿಗೆ ತಕ್ಷಣ ಅರ್ಥ ಹೊಳೆಯಲಿಲ್ಲ. ಬೆಲ್ಲ ಇನ್ನಷ್ಟು ಕಲಸಿ ಇಟ್ಟ.

ಎಂಟನೆಯ ಸಂತೆಗೆ ಊರ ಗೌಡನೇ ಬಂದ. ಹಿಂದೆ ಜನ. ಊರಿನ ಹೆಸರಿಗೆ ಒಂದು ಪಟ ತೆಗೆಯಬೇಕೆಂದ. ಗಿಳಿಶಾಸ್ತ್ರದವನು ಕೈಮುಗಿದು, ಪಟ ಹಾಸಿ, ಬಾಗಿಲು ಎತ್ತಿ, "ಬಾ ತಾಯಿ" ಎಂದ. ಗಿಳಿ ಬಹಳ ಹೊತ್ತಿಗೆ ಹೊರಗೆ ಬಂತು. ಹಾವಿನ ಪಟಕ್ಕೆ ಕೊಕ್ಕು ಹಾಕಿತು. ಎತ್ತಿತು, ಜಾರಿತು. ಮತ್ತೆ ಹಾಕಿತು, ಜಾರಿತು. ಮೂರನೆಯ ಸಲ ಎದೆಯ ಮೇಲೆ ಮುಗ್ಗರಿಸಿ ಬಿದ್ದು, ಕಣ್ಣು ಅರ್ಧ ಮುಚ್ಚಿ ಅಲ್ಲೇ ಕೂತಿತು.

ಜನ ಎರಡು ಹೆಜ್ಜೆ ಹಿಂದೆ ಸರಿದರು. "ಪಟಾನ ಬರವಲ್ದು, ಗೌಡ್ರ. ಮೂರು ತಲಿಮಾರಿನ ಕಸುಬಿನ್ಯಾಗ ಇಂಥದ್ದು ಕಂಡಿಲ್ಲ" ಎಂದ ಗಿಳಿಶಾಸ್ತ್ರದವನು. ಗೌಡ ಬೆವತುಹೋದ. ಊರಿಗೆ ಶಾಂತಿ ಮಾಡಿಸಬೇಕು, ಈ ವಾರದಲ್ಲೇ ಆಗಬೇಕು ಎಂದು ಎದ್ದ. ಜನರೂ ಅವನ ಹಿಂದೆ ಹೊರಟರು. ಯಾರೊಬ್ಬರೂ ಚಾಪೆಯ ಮೇಲೆ ಬಿದ್ದಿದ್ದ ಗಿಳಿಯ ಕಡೆ ತಿರುಗಿ ನೋಡಲಿಲ್ಲ. ಎಲ್ಲರಿಗೂ ತಮ್ಮ ತಮ್ಮ ಮನೆಯದೇ ಚಿಂತೆಯಾಗಿತ್ತು.

ಗಿಳಿಶಾಸ್ತ್ರದವನು ಒಬ್ಬನೇ ಉಳಿದ. "ತಾಯಿ ಮುನಿದಾಳ" ಎಂದು ಅಳತೊಡಗಿದ.

ಆಗ ಲಾಳದವನು ಎದ್ದು ಬಂದ. ಏನೂ ಕೇಳದೆ ತನ್ನ ತಲೆವಸ್ತ್ರ ಬಿಚ್ಚಿ, ಗಿಳಿಯನ್ನು ಅದರಲ್ಲಿ ಸುತ್ತಿ ಮೆಲ್ಲಗೆ ಎತ್ತಿಕೊಂಡ.

"ಗಿಳಿ ಹಿಡಿದ್ರ ಕಚ್ಚಬೇಕು. ಇದು ಕಚ್ಚವಲ್ದು" ಎಂದ. "ಇಲ್ಲಿ ನೋಡು."

ಗಿಳಿಯ ಮುಖವನ್ನು ನೇರವಾಗಿ ಅವನ ಕಡೆ ತಿರುಗಿಸಿದ. ಆರು ವರ್ಷ ಜೊತೆಗಿದ್ದರೂ ಗಿಳಿಶಾಸ್ತ್ರದವನಿಗೆ ಅದರ ಕೊಕ್ಕನ್ನು ಎದುರಿನಿಂದ ನೋಡಿದ್ದು ನೆನಪಿರಲಿಲ್ಲ. ಗಿರಾಕಿಯನ್ನು ನೋಡುತ್ತ ಕೈ ಚಾಚುವುದು, ಪಟ ಇಸಿದುಕೊಳ್ಳುವುದು, ಅಷ್ಟೇ. ಈಗ ಕಂಡಿತು. ಮೇಲಿನ ಕೊಕ್ಕು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ಮೇಲಿನದರ ತುದಿ ಗಲ್ಲದ ಪುಕ್ಕಕ್ಕೆ ತಾಗಿ ಅಲ್ಲಿ ಗಾಯವಾಗಿತ್ತು.

"ಎದಿ ಮುಟ್ಟು."

ಮುಟ್ಟಿದ. ಮಾಂಸವಿಲ್ಲ, ನಡುವಿನ ಮೂಳೆ ಕುಡುಗೋಲಿನ ಅಲಗಿನಂತೆ ಬೆರಳಿಗೆ ತಾಗಿತು. ಪುಕ್ಕ ಉಬ್ಬಿಸಿಕೊಂಡಿದ್ದರಿಂದ ಹೊರಗೆ ದುಂಡಗೆ ಕಾಣುತ್ತಿತ್ತು, ಒಳಗೆ ಏನೂ ಉಳಿದಿರಲಿಲ್ಲ. ಲಾಳದವನು ಪಂಜರದ ತಟ್ಟೆಯನ್ನು ಎಳೆದು ಬೊಗಸೆಯಷ್ಟು ಭತ್ತ ತೋರಿಸಿದ. ಒಂದು ಕಾಳಿನ ಸಿಪ್ಪೆಯೂ ಬಿಚ್ಚಿರಲಿಲ್ಲ. ಆಮೇಲೆ ಚಾಪೆಯ ಮೇಲೆ ಬೋರಲಾಗಿದ್ದ ಪಟಗಳ ಮೇಲೆ ಅಂಗೈ ಆಡಿಸಿದ. ಎಲ್ಲ ಚಪ್ಪಟೆಯಾಗಿ ನೆಲಕ್ಕೆ ಅಂಟಿದ್ದವು. ಅಂಚು ಮೇಲೆದ್ದಿದ್ದ ಮೂರು ಮಾತ್ರ ಕೈಗೆ ತಡೆದವು. ತಿರುಗಿಸಿದ. ಹಾವು, ಬಾವಿ, ಬಾಗಿಲು.

"ಸೊಟ್ಟ ಕೊಕ್ಕಿಗೆ ಎತ್ತಾಕ ಬರೋವು ಇವು ಮೂರ. ಇವತ್ತ ಇವೂ ಬರಲಿಲ್ಲ."

ಗಿಳಿಶಾಸ್ತ್ರದವನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಎಂಟು ಸಂತೆಗಳಲ್ಲಿ ತಾನು ಯಾರು ಯಾರಿಗೆ ಏನೇನು ಹೇಳಿದ್ದೆನೆಂಬುದೆಲ್ಲ ಒಟ್ಟಿಗೇ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ, ಸೋಮವಾರದ ಉಪವಾಸ ನೆನಪಾಯಿತು. ಹಸಿದ ಪ್ರಾಣಿಗೆ ಅವನು ಹೂವು ಮುಡಿಸಲು ಬಿಟ್ಟಿದ್ದ. ನಾಚಿಕೆಗೆ ಕೈ ಸುಮ್ಮನಿರಲಿಲ್ಲ. ಎಲೆಯಡಿಕೆಯ ಚೀಲದಿಂದ ಅಡಕತ್ತರಿ ತೆಗೆದು, ಈಗಲೇ ಆ ತುದಿ ಕತ್ತರಿಸಿಬಿಡುತ್ತೇನೆ ಎಂದು ಮುಂದೆ ಬಂದ. ಲಾಳದವನು ಅವನ ಮಣಿಕಟ್ಟು ಹಿಡಿದ.

"ಒಳಗ ಜೀವ ಐತಿ, ಹುಚ್ಚಪ್ಪಾ. ಗೊರಸ ಜಾಸ್ತಿ ಕೊಯ್ದು ಎತ್ತು ಕುಂಟಾಗಿದ್ದು ನಾ ಕಂಡೀನಿ. ನಾನೂ ಮುಟ್ಟಂಗಿಲ್ಲ. ದವಾಖಾನಿಗೆ ನಡಿ."

ಕೆಡವಿ ಕಟ್ಟಿದ್ದ ಎತ್ತನ್ನು ಲಾಳದವನು ಬಿಚ್ಚಿ ಎಬ್ಬಿಸಿದ. ಅದಕ್ಕೆ ಎರಡು ಕಾಲಿಗೆ ಮಾತ್ರ ಲಾಳವಾಗಿತ್ತು. ಎತ್ತಿನವನು ಬಾಯಿಗೆ ಬಂದಂತೆ ಬೈದ. ಬೈಸಿಕೊಂಡೇ ಇಬ್ಬರೂ ತಾಲ್ಲೂಕಿನ ದನದ ದವಾಖಾನೆಗೆ ಹೊರಟರು.

ಡಾಕ್ಟರಮ್ಮ ಗಿಳಿಯನ್ನು ತೂಕ ಮಾಡಿದರು. ಬಾಯಿ ತೆರೆದು ನೋಡಿದರು, ಮೂಗಿನ ಹೊಳ್ಳೆ ನೋಡಿದರು, ಪಂಜರದ ತಟ್ಟೆಯ ಹಿಕ್ಕೆಯನ್ನೂ ನೋಡಿದರು. ಆಮೇಲೆ ಕೇಳಿದರು:

"ಕಾಳು ಒಡೆಯೋದು ಯಾವತ್ತಿನಿಂದ ನಿಂತಿದೆ?"

ಮುಂಚೆ ಮಾತಾಡುತ್ತಿತ್ತೇ, ಯಾವಾಗ ಬಿಟ್ಟಿತು ಎಂದೂ ಕೇಳಿದರು. ಗುರುತು ಪರಿಚಯ ಇಲ್ಲದವರು ಬಂದು ಕೂತರೆ ಹತ್ತು ವರ್ಷದ ಹಿಂದಿನದು, ಹತ್ತು ವರ್ಷದ ಮುಂದಿನದು ಗಡಗಡನೆ ಹೇಳುವವನು, ಮೊಣಕಾಲಿನ ಪಕ್ಕದಲ್ಲಿದ್ದ ಗಿಳಿಯ ಹತ್ತು ದಿನದ ಸಂಗತಿ ಹೇಳಲಾರದೆ ನಿಂತ. ಬಾಗಿಲ ಬಳಿ ಇದ್ದ ಲಾಳದವನು ಮೆಲ್ಲಗೆ ಹೇಳಿದ: "ಕಾಳು ಬಿಟ್ಟು ಎಂಟು ಸಂತಿ ಮ್ಯಾಲಾತ್ರಿ. ಮಾತು ಬಿಟ್ಟು ಎರಡು ಸಂತಿ ಆತು." ಗಿಳಿಶಾಸ್ತ್ರದವನು ತಲೆ ತಗ್ಗಿಸಿದ. ಅದು ಅವನಿಗೆ ಬಿದ್ದ ಎಲ್ಲ ಪೆಟ್ಟಿಗಿಂತ ದೊಡ್ಡ ಪೆಟ್ಟು.

ಡಾಕ್ಟರಮ್ಮ ಗಿಳಿಯನ್ನು ಟವಲಿನಲ್ಲಿ ಸುತ್ತಿ, ಕೊಕ್ಕನ್ನು ಬೆಳಕಿಗೆ ಹಿಡಿದು ರಕ್ತ ಎಲ್ಲಿಯವರೆಗೆ ಇದೆಯೆಂದು ನೋಡಿಕೊಂಡು, ಸಣ್ಣ ಅರದಿಂದ ತುದಿಯನ್ನು ಇಷ್ಟೇ ಇಷ್ಟು ಸವೆಸಿದರು. ಒಂದೇ ದಿನಕ್ಕೆ ಆಗುವುದಲ್ಲ, ವಾರಕ್ಕೊಮ್ಮೆ ಕರೆದುಕೊಂಡು ಬನ್ನಿ ಎಂದರು. ಕಡಿಯಲು ಏನೂ ಇಲ್ಲದ್ದು ಒಂದು ಕಾರಣ, ಬೆಲ್ಲ ತಿಂದು ತಿಂದು ಪಿತ್ತಜನಕಾಂಗ ಕೆಟ್ಟದ್ದು ಇನ್ನೊಂದು, ಒಳಗೆ ಕೆಟ್ಟರೂ ಕೊಕ್ಕು ಹೀಗೆ ಬೆಳೆಯುತ್ತದೆ ಎಂದು ಹೇಳಿ ಔಷಧಿ ಕೊಟ್ಟರು.

"ಬದುಕ್ತಾಳೇನ್ರಿ?" ಎಂದು ಅವನು ಕೇಳಿದ. ಬೇರೆಯವರು ಅವನಲ್ಲಿ ಕೇಳುತ್ತಿದ್ದ ಪ್ರಶ್ನೆ ಅದು.

"ಮೂರು ದಿನ ಗಂಜಿ ಒಳಗೆ ಇಳಿದರೆ ಹೇಳುತ್ತೇನೆ" ಎಂದರು ಡಾಕ್ಟರಮ್ಮ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರನ್ನು ಅವನು ಅವತ್ತು ಮೊದಲ ಸಲ ಕಂಡ.

ಮೂರು ದಿನ ಅವನು ಮರದ ಕಡೆಗೂ ಹೋಗಲಿಲ್ಲ, ಪೆಟ್ಟಿಗೆಯನ್ನೂ ಮುಟ್ಟಲಿಲ್ಲ. ಗಂಟೆಗೊಮ್ಮೆ ಹನಿಹನಿಯಾಗಿ ಗಂಜಿ ಕುಡಿಸಿದ. ಎಷ್ಟು ಇಳಿಯಿತು, ಎಷ್ಟು ಹೊರಗೆ ಬಂತು ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ. ಅದು ರೆಕ್ಕೆ ಕದಲಿಸಿದರೆ ರೆಕ್ಕೆ ಕದಲಿಸಿತು ಎಂದಷ್ಟೇ ಅಂದುಕೊಂಡ. ಅರ್ಥ ಹುಡುಕಲು ಅವನಿಗೆ ಧೈರ್ಯವಿರಲಿಲ್ಲ. ನಾಲ್ಕನೆಯ ದಿನ ಗಿಳಿ ತಾನಾಗಿಯೇ ಬಟ್ಟಲಿಗೆ ಬಾಯಿ ಹಾಕಿತು.

ಮೂರು ಸಲ ಅರ ಬಿತ್ತು. ಕಬ್ಬಿಣದ ಸರಳು ಹೋಗಿ ತೊಗಟೆಯ ಸಮೇತ ಬೇವಿನ ಕೊಂಬೆ ಬಂತು. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ ಹಿಂದಿನಿಂದ ಚಟ್ ಎಂದು ಒಂದು ಸಣ್ಣ ಸದ್ದು ಕೇಳಿತು. ತಿರುಗಿ ನೋಡಿದ. ಗಿಳಿ ಭತ್ತದ ಕಾಳು ಒಡೆದಿತ್ತು. ಕೊಕ್ಕು ಪೂರ್ತಿ ನೆಟ್ಟಗಾಗಿರಲಿಲ್ಲ, ಆಗುವಂತೆಯೂ ಇರಲಿಲ್ಲ, ಆದರೆ ಕಾಳು ಒಡೆಯುವಷ್ಟು ಆಗಿತ್ತು. ಅವನು ಬಾಯಲ್ಲಿದ್ದ ಬೇವಿನ ಕಡ್ಡಿಯನ್ನು ಹಾಗೆಯೇ ಕಚ್ಚಿಕೊಂಡು ಅತ್ತ. ಅವತ್ತಿನಿಂದ ಗಿಳಿ ಮರೆತದ್ದನ್ನೆಲ್ಲ ನೆನಪು ಮಾಡಿಕೊಂಡಂತೆ ಕಡಿಯತೊಡಗಿತು. ಕೊಂಬೆ ಕಡಿಯಿತು, ಚಾಪೆಯ ಅಂಚು ಕಡಿಯಿತು, ಒಂದು ದಿನ ತಾತನ ಕಾಲದ ಲಕ್ಷ್ಮಿಯ ಪಟದ ಮೂಲೆಯನ್ನು ಅವನ ಕಣ್ಣೆದುರೇ ಚೂರು ಮಾಡಿತು. ಬೆತ್ತ ಎತ್ತಿದ ಕೈಯನ್ನು ಅವನು ಇಳಿಸಿದ.

ಇತ್ತ ಊರಲ್ಲಿ ಶಾಂತಿ ನಡೆದುಹೋಗಿತ್ತು. ಅವನು ಮತ್ತೆ ಸಂತೆಗೆ ಬಂದು ಕೂತಾಗ ಗಿಳಿ ಒಬ್ಬರಿಗೆ ಕಾಮಧೇನು ತೆಗೆಯಿತು, ಒಬ್ಬರಿಗೆ ತುಂಬಿದ ಕೊಡ ತೆಗೆಯಿತು. ಶಾಂತಿ ಫಲಿಸಿತೆಂದು ಜನ ಗೌಡನನ್ನು ಹೊಗಳಿದರು. ಅಲ್ಲ, ನಡೆದದ್ದು ಇದು ಎಂದು ಅವನು ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರೈತನ ಮನೆಗೆ ಮಾತ್ರ ಅವನೇ ನಡೆದುಹೋಗಿ, ಹಾವಿನ ಪಟ ಬಂದದ್ದು ಯಾಕೆಂದು ಒಂದೂ ಬಿಡದೆ ಒಪ್ಪಿಸಿದ.

"ಅಲ್ಲಲೇ, ನಿನ್ನ ಗಿಳಿ ಬಾಯಿ ಸೊಟ್ಟ ಆದ್ರ ನನ್ನ ಮಗಳ ಲಗ್ನ ಯಾಕ ನಿಂದರಬೇಕಿತ್ತು?" ಎಂದ ರೈತ.

ಗಂಡಿನ ಕಡೆಯವರು ಒಳ್ಳೆಯವರು, ಕಾದಿದ್ದರು. ಮುಂದಿನ ಮುಹೂರ್ತಕ್ಕೆ ಲಗ್ನವಾಯಿತು.

ಕಸುಬನ್ನು ಅವನು ಬಿಡಲಿಲ್ಲ, ಬೇರೆ ಕಸುಬು ಅವನಿಗೆ ಬರುತ್ತಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಪೆಟ್ಟಿಗೆ ತೆರೆಯುವ ಮುಂಚೆ ಗಿಳಿಯ ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು ಕೊಕ್ಕನ್ನು ಎದುರಿನಿಂದ ನೋಡುತ್ತಿದ್ದ. ಎದೆಯ ಮೇಲೆ ಬೆರಳಿಟ್ಟು ನೋಡುತ್ತಿದ್ದ. ಒಂದು ಕಾಳು ಕೊಟ್ಟು, ಅದು ಒಡೆದು, ಸಿಪ್ಪೆ ಕೆಳಗೆ ಬೀಳುವ ತನಕ ಕಾಯುತ್ತಿದ್ದ. ಅಲ್ಲಿಯವರೆಗೆ ಗೌಡನೇ ಬಂದರೂ ಕೂತಿರಬೇಕು. ಗಿರಾಕಿಗಳು ಅದೂ ಶಾಸ್ತ್ರದ ಒಂದು ಭಾಗವೆಂದುಕೊಂಡು ಭಕ್ತಿಯಿಂದ ಕೈಮುಗಿಯುತ್ತಿದ್ದರು.

ಅಜ್ಜನವರು ಕತೆ ನಿಲ್ಲಿಸಿ ಹೊಸೆದ ಬತ್ತಿಗಳನ್ನು ಒಂದು ಕಡೆ ಜೋಡಿಸಿದರು.

ಅಡಿವೆಪ್ಪನಿಗೆ ಗಿಳಿಯ ಮೇಲೆ ಮರುಕ ಬಂದಿತ್ತು. ಸ್ವಲ್ಪ ಸಿಟ್ಟೂ ಬಂದಿತ್ತು. "ಅಷ್ಟೊಂದು ಮಾತು ಬಲ್ಲ ಗಿಳಿ, ಅಜ್ಜಾರೇ. ನೋಯುತ್ತಿದೆ ಎಂದು ಒಂದು ಸಲವಾದರೂ ಹೇಳಬಾರದಿತ್ತೇ?" ಎಂದ.

"ಎಂಟು ಸಂತೆ ಹೇಳಿತಪ್ಪ, ಅವನು ಅದನ್ನು ಊರವರ ಫಲವೆಂದು ಓದಿ ಹೇಳುತ್ತಿದ್ದ."